ಕೋಟೆಯೊಳಗಿನ ಮನೆಗಳಲ್ಲಿ ಚಳಿಗಾಲದಲ್ಲೂ ಒಲೆ ಉರಿಯಲಿ: ಲಾ ಕುವೆರ್ತ್ವಾರಾದ್ ಗ್ರಾಮದ ಮೇಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಮೊಂಪೆಲಿಯೆಯಲ್ಲಿ ನೆಲೆಸಿರುವ ಕನ್ನಡಿಗ. ಈ ಪತ್ರದ ಫ್ರೆಂಚ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳುಹಿಸಿದ್ದೇನೆ. ದಕ್ಷಿಣ ಫ್ರಾನ್ಸ್‌ಗೆ ಪ್ರವಾಸ ಬರುವ ನಮ್ಮವರೂ ಓದಲೆಂದು ಕನ್ನಡದಲ್ಲಿ ಪ್ರಕಟಿಸುತ್ತಿದ್ದೇನೆ.

ಬೇಸಿಗೆಯಲ್ಲಿ ನಿಮ್ಮ ಊರಿಗೆ ಹಲವು ಸಲ ಬಂದಿದ್ದ ನಾನು, ಮೊದಲ ಬಾರಿಗೆ ಒಂದು ಜನವರಿಯಲ್ಲಿ ಬಂದೆ. ಒಂದು ಮನೆಯ ಬಾಗಿಲಿಗೆ ಮೊಳೆ ಹೊಡೆದಿದ್ದ ಕಾರ್ದಬೆಲ್ ಎಂಬ ಮುಳ್ಳುಗಿಡದ ಹೂವು ಗಾಳಿಯ ತೇವಕ್ಕೆ ಮುದುಡಿಕೊಂಡು ಮಳೆಯ ಸೂಚನೆ ಕೊಡುತ್ತಿತ್ತು. ಅದನ್ನು ನೋಡಿ ಬಟ್ಟೆ ಒಳಗೆ ತೆಗೆದುಕೊಳ್ಳುವವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಎರಡೂ ಬದಿಯ ಕಿಟಕಿಗಳು ಮುಚ್ಚಿದ್ದವು.

12ನೇ ಶತಮಾನದಲ್ಲಿ ಟೆಂಪ್ಲರ್ ಯೋಧಸನ್ಯಾಸಿಗಳು ಇಲ್ಲಿ ನೆಲೆಯೂರಿದರು. ಅವರ ಸಂಘ 1312ರಲ್ಲಿ ರದ್ದಾದ ಮೇಲೆ ಊರು ಹಾಸ್ಪಿಟಲರ್ ಎಂಬ ಇನ್ನೊಂದು ಯೋಧಸನ್ಯಾಸಿ ಸಂಘದ ಕೈಸೇರಿತು; ನೂರು ವರ್ಷಗಳ ಯುದ್ಧದ ಕಾಲದಲ್ಲಿ ಸುಲಿಗೆಗಾರರ ಭಯಕ್ಕೆ 15ನೇ ಶತಮಾನದಲ್ಲಿ ಸುತ್ತುಗೋಡೆಯನ್ನು ಎಬ್ಬಿಸಿದವರು ಇವರೇ. ಆ ಗೋಡೆ ಕಾಯುತ್ತಿದ್ದುದು ಬದುಕನ್ನು: ಕೆಳಗೆ ಕಮಾನಿನ ಕೊಟ್ಟಿಗೆಯಲ್ಲಿ ಕುರಿ, ಹೊರಮೆಟ್ಟಿಲು ಹತ್ತಿದರೆ ಮೇಲೆ ಸಂಸಾರ. ನೀರು ನಿಲ್ಲದ ಸುಣ್ಣಕಲ್ಲಿನ ಲಾರ್ಜಾಕ್ ಪ್ರಸ್ಥಭೂಮಿಯಲ್ಲಿ ಮಂದೆಗಾಗಿ ಕಲ್ಲು ಹಾಸಿ ಕಟ್ಟಿದ 'ಲಾವೋಞ್' ಎಂಬ ಮಳೆನೀರಿನ ಕೆರೆ ಈಗಲೂ ಕೋಟೆಯ ಹೊರಗಿದೆ. ಯುನೆಸ್ಕೋ 2011ರಲ್ಲಿ ಲಾರ್ಜಾಕ್ ಅನ್ನೂ ಒಳಗೊಂಡ ಕೋಸ್ ಮತ್ತು ಸೆವೆನ್ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಈ ಕುರಿಗಾಹಿ ಬೇಸಾಯದ ಸಂಸ್ಕೃತಿಗಾಗಿಯೇ.

ಚಳಿಗಾಲದಲ್ಲಿ ಮುಚ್ಚಿರುವ ಆ ಮನೆಗಳಲ್ಲಿ ಮತ್ತೆ ಸಂಸಾರಗಳು ನೆಲೆಸಲು ದಾರಿ ನಿಮ್ಮ ನೆಲದಲ್ಲೇ ಇದೆ. ಸೇನಾ ಶಿಬಿರದ ವಿಸ್ತರಣೆಯ ವಿರುದ್ಧ ಲಾರ್ಜಾಕ್‌ನ ರೈತರು 1971ರಿಂದ 1981ರವರೆಗೆ ಹೋರಾಡಿ ಗೆದ್ದರು. ಸೇನೆಗಾಗಿ ಕೊಂಡಿದ್ದ ಸುಮಾರು 6,300 ಹೆಕ್ಟೇರ್ ಭೂಮಿಯನ್ನು ಸರಕಾರ 1985ರಲ್ಲಿ ರೈತರೇ ನಡೆಸುವ ಸಂಸ್ಥೆಗೆ ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟಿತು. ಅಲ್ಲಿ ಉಳುಮೆ ಮಾಡುವ ಕುಟುಂಬ ದುಡಿಯುವವರೆಗೆ ನೆಲವನ್ನು ಅನುಭವಿಸುತ್ತದೆ, ಮಾರುವಂತಿಲ್ಲ. ಬಿಟ್ಟುಹೋದಾಗ ಅದು ಇನ್ನೊಂದು ದುಡಿಯುವ ಕುಟುಂಬಕ್ಕೆ ಸಿಗುತ್ತದೆ.

ಇದೇ ನಿಯಮವನ್ನು ಕೋಟೆಯೊಳಗಿನ ಮನೆಗಳಿಗೂ ತನ್ನಿ ಎಂಬುದೇ ನನ್ನ ಬಿನ್ನಹ. ಮನೆಯೊಂದು ಮಾರಾಟಕ್ಕೆ ಬಂದಾಗ ಗ್ರಾಮಾಡಳಿತವೇ ಕೊಂಡು, ವರ್ಷವಿಡೀ ಅಲ್ಲೇ ಇರುವ ಕುಟುಂಬಕ್ಕೆ ದೀರ್ಘ ಗುತ್ತಿಗೆಗೆ ಕೊಡಲಿ. ಸಣ್ಣ ಗ್ರಾಮದ ಬೊಕ್ಕಸಕ್ಕೆ ಇದು ಭಾರವೆಂಬುದನ್ನು ಬಲ್ಲೆ. ಆದರೂ ಒಂದು ಮನೆಯಿಂದ ಆರಂಭಿಸಿ. ಆ ಮನೆಯ ದುರಸ್ತಿಗೆ ದೇಣಿಗೆ ಕೇಳಿದ ದಿನ ನನ್ನ ಪಾಲನ್ನು ಕೊಡುತ್ತೇನೆ.

ಗೌರವಗಳೊಂದಿಗೆ,
ಮೊಂಪೆಲಿಯೆಯ ಒಬ್ಬ ಕನ್ನಡಿಗ