‘ಅಗ್ನಿ ನಿರೋಧಕ’ ಅಂದರೆ ಉರಿಯದು ಎಂದಲ್ಲ

ಮಾನ್ಯ ಸಂಪಾದಕರೇ,

ಬೆಂಕಿ ಅವಘಡದ ಸುದ್ದಿಗಳಲ್ಲಿ ‘ಅಗ್ನಿ ನಿರೋಧಕ ಕೇಬಲ್’, ‘ಅಗ್ನಿ ನಿರೋಧಕ ಪ್ಲಾಸ್ಟಿಕ್’ ಎಂದು ಬರೆಯುವುದನ್ನು ಓದಿದವರು ಅದು ಉರಿಯುವುದೇ ಇಲ್ಲ ಎಂದುಕೊಳ್ಳುತ್ತಾರೆ. ಇವುಗಳಿಗೆ ಬೆರೆಸುವ ಫ್ಲೇಮ್ ರಿಟಾರ್ಡೆಂಟ್‌ಗಳು, ಅಂದರೆ ಉರಿ ತಡೆಯುವ ರಾಸಾಯನಿಕಗಳು, ಕಿಡಿ ಬೇಗ ಹತ್ತದಂತೆ, ಹತ್ತಿದ ಉರಿ ಬೇಗ ಹಬ್ಬದಂತೆ ತಡೆಯುತ್ತವೆ. ಅಷ್ಟೇ. ಇಂಥ ಪುಡಿ ಹೆಚ್ಚು ಹಾಕಿದಷ್ಟೂ ರಕ್ಷಣೆ ಹೆಚ್ಚು ಎಂಬ ನಂಬಿಕೆಯೂ ತಪ್ಪು. ಯಾವುದನ್ನು ಯಾವುದರ ಜೊತೆ ಬೆರೆಸಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆಂಟಿಮನಿ ಟ್ರೈಆಕ್ಸೈಡನ್ನೇ ನೋಡಿ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ಗೆ ಅದೊಂದನ್ನೇ ಹಾಕಿದರೆ ಅದು ಬರೀ ಬಿಳಿ ಬಣ್ಣದ ಪುಡಿ. ಬ್ರೋಮಿನ್ ಸಂಯುಕ್ತ ಜೊತೆಗಿದ್ದರೆ ಕಾವಿಗೆ ಹೈಡ್ರೋಜನ್ ಬ್ರೋಮೈಡ್ ಹೊರಬಂದು, ಆಂಟಿಮನಿಯೊಂದಿಗೆ ಕೂಡಿ, ಆವಿಯಾಗಿ ಜ್ವಾಲೆಯೊಳಗೆ ಏರುತ್ತದೆ. ಉರಿಯನ್ನು ಮುಂದುವರಿಸುವ ಹೈಡ್ರೋಜನ್, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು (ಬಲು ಚುರುಕಾಗಿ ವರ್ತಿಸುವ ಕಣಗಳನ್ನು) ಅಲ್ಲೇ ಹಿಡಿದುಹಾಕುತ್ತದೆ. ಸಾಮಾನ್ಯ ಲೆಕ್ಕ 3 ಬ್ರೋಮಿನ್ ಪರಮಾಣುವಿಗೆ 1 ಆಂಟಿಮನಿ. ಆದರೆ ಬ್ರೋಮಿನ್ ಬಿಡುಗಡೆಯೂ ಪ್ಲಾಸ್ಟಿಕ್ ಒಡೆಯುವುದೂ ಹೆಚ್ಚುಕಡಿಮೆ ಒಂದೇ ತಾಪಮಾನದಲ್ಲಿ ಆಗಬೇಕು. ಮೊದಲೇ ಬಿಟ್ಟರೆ ಅಚ್ಚು ಹಾಕುವಾಗಲೇ ನಷ್ಟ, ತಡವಾದರೆ ಬೆಂಕಿ ಆಗಲೇ ಹಬ್ಬಿರುತ್ತದೆ.

ಪಿವಿಸಿ ರಾಳದಲ್ಲಿ ತೂಕದ ಸುಮಾರು 57% ಕ್ಲೋರಿನ್ ಇರುತ್ತದೆ. ತಂತಿಯ ಹೊದಿಕೆ ಮೆತ್ತಗಾಗಲೆಂದು ಸೇರಿಸುವ ಪ್ಲಾಸ್ಟಿಸೈಜರ್ ಎಣ್ಣೆಯೇ ಅಲ್ಲಿ ಉರಿಯುವುದು. ಬ್ರೋಮಿನ್ ಮಾಡುವ ಕೆಲಸವನ್ನು ಇಲ್ಲಿ ಕ್ಲೋರಿನ್ನೇ ಮಾಡುವುದರಿಂದ, 100 ಭಾಗ ರಾಳಕ್ಕೆ 3ರಿಂದ 5 ಭಾಗ ಆಂಟಿಮನಿ ಆಕ್ಸೈಡ್ ಹಾಕಿದರೂ ಗುಣ ಕಾಣುತ್ತದೆ. ಅದರಲ್ಲಿ ಒಂದಷ್ಟನ್ನು ತೆಗೆದು ಜಿಂಕ್ ಬೋರೇಟ್ ಹಾಕಿದರೆ ಹೊಗೆ ತಗ್ಗುತ್ತದೆ, ಉರಿ ಆರಿದ ಮೇಲೆ ಉಳಿಯುವ ಕೆಂಡವೂ ಬೇಗ ನಂದುತ್ತದೆ. ಇದೇ ಮಿಶ್ರಣಕ್ಕೆ ಅಗ್ಗವೆಂದು ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿದರೆ, ಜ್ವಾಲೆಗೆ ತಲುಪಬೇಕಾದ ಹೈಡ್ರೋಜನ್ ಕ್ಲೋರೈಡ್ ಆಮ್ಲವನ್ನು ಅದು ಮೊದಲೇ ನುಂಗಿಬಿಡುತ್ತದೆ. ಆಂಟಿಮನಿಗೆ ಖರ್ಚು ಮಾಡಿದ ಹಣವೂ ಅಲ್ಲಿಗೆ ವ್ಯರ್ಥ.

ಹ್ಯಾಲೊಜನ್ (ಬ್ರೋಮಿನ್, ಕ್ಲೋರಿನ್‌ಗಳ ಗುಂಪು) ಬೇಡವೆಂದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಿಂದ ತನ್ನ ತೂಕದ ಮೂರನೇ ಒಂದಕ್ಕಿಂತ ತುಸು ಹೆಚ್ಚು ನೀರನ್ನು ಬಿಟ್ಟು ತಂಪು ಮಾಡುತ್ತದೆ. ಕೇಬಲ್ ಹೊದಿಕೆಗೆ ತೂಕದಲ್ಲಿ 60% ತನಕ ಬೇಕಾಗುತ್ತದೆ. ಪ್ಲಾಸ್ಟಿಕ್ ಕರಗಿಸಿ ಹೊರತಳ್ಳುವ ಎಕ್ಸ್‌ಟ್ರೂಡರ್ ಯಂತ್ರದ ಬ್ಯಾರೆಲ್ ಆ ತಾಪ ದಾಟಿದರೆ ನೀರು ಅಲ್ಲೇ ಆವಿಯಾಗುತ್ತದೆ. ಯಂತ್ರದ ಡೈಯಿಂದ (ಅಚ್ಚಿನ ಬಾಯಿಯಿಂದ) ಹೊರಬರುವ ತಂತಿಯ ಮೈ ತುಂಬ ಸಣ್ಣ ಗುಳ್ಳೆ, ಕತ್ತರಿಸಿ ನೋಡಿದರೆ ಒಳಗೆಲ್ಲ ತೂತು. ಮೆಗ್ನೀಸಿಯಂ ಹೈಡ್ರಾಕ್ಸೈಡ್ ನೀರು ಬಿಡುವುದು 300 ಡಿಗ್ರಿ ದಾಟಿದ ಮೇಲೆ. ಎರಡನ್ನೂ ಬೆರೆಸಿದರೆ ಒಂದು ಮುಗಿದಲ್ಲಿ ಇನ್ನೊಂದು ತಂಪು ಮಾಡತೊಡಗುತ್ತದೆ. ಆಗಲೂ ಬ್ಯಾರೆಲ್‌ನ ತಾಪಕ್ಕೆ ಮಿತಿ ಹಾಕುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡೇ.

ಕಾವಿಗೆ ಉಬ್ಬಿ ಇದ್ದಿಲಿನ ಹೊದಿಕೆಯಾಗುವ ಲೇಪನಗಳಲ್ಲಿ ಮೂವರ ಕೆಲಸ. ಅಮೋನಿಯಂ ಪಾಲಿಫಾಸ್ಫೇಟ್ ಆಮ್ಲ ಕೊಡುತ್ತದೆ, ಪೆಂಟಾಎರಿಥ್ರಿಟಾಲ್ ಇದ್ದಿಲಾಗುತ್ತದೆ, ಮೆಲಮೈನ್ ಅನಿಲ ಬಿಟ್ಟು ಉಬ್ಬಿಸುತ್ತದೆ. ಕರಗಿದ ಪದರ ಇನ್ನೂ ತೆಳ್ಳಗಿರುವಾಗ ಅನಿಲ ಬಂದರೆ ಗುಳ್ಳೆ ಒಡೆದು ಹೋಗುತ್ತದೆ. ಗಟ್ಟಿಯಾದ ಮೇಲೆ ಬಂದರೆ ಇದ್ದಿಲು ಬಿರುಕು ಬಿಟ್ಟು ಬೆಂಕಿಗೆ ದಾರಿಯಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಇಲ್ಲೂ ಆಮ್ಲವನ್ನು ತಿಂದು ಉಬ್ಬುವಿಕೆಯನ್ನು ಕೆಡಿಸುತ್ತದೆ.

ಕೆಲವು ಹಳೆಯ ಬ್ರೋಮಿನ್ ಸಂಯುಕ್ತಗಳು ದೇಹದಲ್ಲಿ ಉಳಿದು ಸೇರುತ್ತ ಹೋಗುವಂಥವು. ಅವನ್ನು ಇಂಥ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲೂ 2017ರಲ್ಲೂ ಸೇರಿಸಲಾಗಿದೆ. ಅದು ಸರಿಯಾದ ಕ್ರಮವೇ.

ಇನ್ನು ಪ್ಲಾಸ್ಟಿಕ್ ಹೇಗೆ ಉರಿಯುತ್ತದೆ ಎಂದು ಅಳೆಯುವ ಯುಎಲ್ 94 ಪರೀಕ್ಷೆಯ ‘ವಿ-0’ ದರ್ಜೆಯ ಮಾತು. ನೇರ ನಿಲ್ಲಿಸಿದ ಪಟ್ಟಿಯ ಕೆಳತುದಿಗೆ 10 ಸೆಕೆಂಡಿನಂತೆ ಎರಡು ಸಲ ಜ್ವಾಲೆ ಹಿಡಿಯುತ್ತಾರೆ. ಪ್ರತಿ ಸಲವೂ 10 ಸೆಕೆಂಡಿನೊಳಗೆ ಉರಿ ಆರಬೇಕು, ಉರಿಯುವ ಹನಿ ಬಿದ್ದು ಕೆಳಗಿಟ್ಟ ಹತ್ತಿಗೆ ಬೆಂಕಿ ತಗಲಬಾರದು. 3.2 ಮಿಲಿಮೀಟರ್ ದಪ್ಪದಲ್ಲಿ ಗೆದ್ದ ಮಿಶ್ರಣವೇ 1.6 ಮಿಲಿಮೀಟರ್‌ನಲ್ಲಿ ಸೋಲಬಹುದು. ಆದ್ದರಿಂದ ಪತ್ರಿಕೆಯಲ್ಲಿ ಈ ದರ್ಜೆಯನ್ನು ಉಲ್ಲೇಖಿಸುವಾಗ ಅದು ಯಾವ ದಪ್ಪಕ್ಕೆ ಸಿಕ್ಕಿದ್ದು ಎಂಬುದನ್ನೂ ದಯವಿಟ್ಟು ಜೊತೆಯಲ್ಲೇ ಮುದ್ರಿಸಿ.

– ಪಾಲಿಮರ್ ತಂತ್ರಜ್ಞರೊಬ್ಬರು