ಭಾನುವಾರದ ಪಾಳಿ ಹಿಡಿದವರಿಗೆ

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

೨೦೨೫ರ ಏಪ್ರಿಲ್ ೨೦, ಈಸ್ಟರ್ ಭಾನುವಾರ. ಪುಣೆಯ ನಮ್ಮ ದೇವಾಲಯದಲ್ಲಿ ಮರಾಠಿ ಸಭೆಯ ಆರಾಧನೆ ಮುಗಿದು, ನಮ್ಮ ಕನ್ನಡದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಮೂರನೇ ಬೆಂಚಿನ ಪಕ್ಕ, ನಡುವಿನ ದಾರಿಯಲ್ಲಿ, ನಮ್ಮ ಅತ್ತಿಯ, ಅಂದರೆ ಯಜಮಾನರ ತಾಯಿಯ, ಗಾಲಿಕುರ್ಚಿ ನಿಂತಿತ್ತು. ಹದಿನೇಳು ತಿಂಗಳ ಮೇಲೆ ಅವರು ದೇವಾಲಯದ ಹೊಸ್ತಿಲು ದಾಟಿದ್ದು ಅಂದೇ. ಸಭಾಪಾಲಕರು ನನ್ನ ಕಡೆ ನೋಡಿ, ಸಾಕ್ಷಿ ಹೇಳುತ್ತೀರಾ ಎಂದರು. ಎದ್ದು ನಿಂತೆ. ಬಾಯಿಂದ ಮಾತೇ ಹೊರಡಲಿಲ್ಲ. ಹಾಗೇ ಕುಳಿತುಬಿಟ್ಟೆ. ಅಂದು ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

೨೦೨೩ರ ನವೆಂಬರ್ ೨೬, ಅದೂ ಭಾನುವಾರವೇ. ಕ್ರಿಸ್‌ಮಸ್ ಹಾಡುಗಳ ತಾಲೀಮು ಅಂತ ಆರಾಧನೆ ಮುಗಿದ ಮೇಲೂ ನಾನು ದೇವಾಲಯದಲ್ಲೇ ಉಳಿದಿದ್ದೆ. ಯಜಮಾನರಿಗೆ ಚಾಕಣದ ಕಾರ್ಖಾನೆಯಲ್ಲಿ ಎರಡನೇ ಪಾಳಿ, ಮಗಳು ಟ್ಯೂಷನ್ನಿಗೆ ಹೋಗಿದ್ದಳು. ದಾಪೋಡಿಯ ಮನೆಯಲ್ಲಿ ಅತ್ತಿ ಒಬ್ಬರೇ. ಆರೂಕಾಲಿಗೆ ಎದುರುಮನೆಯ ಕಾಕು ಫೋನ್ ಮಾಡಿದರು. "ಆಜಿ ಪಡಲ್ಯಾ, ಲವಕರ ಯಾ." ಅಜ್ಜಿ ಬಿದ್ದಿದ್ದಾರೆ, ಬೇಗ ಬನ್ನಿ ಅಂತ. ನಾನು ಓಡಿ ಬರುವಷ್ಟರಲ್ಲಿ ಕಾಕು ತಮ್ಮ ಮಗನ ಕೈಯಲ್ಲಿ ರಿಕ್ಷಾ ತರಿಸಿ ನಿಲ್ಲಿಸಿದ್ದರು.

ಲಕ್ವಾ. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ, ಆದರೆ ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂದರು ಡಾಕ್ಟರು. ಎಷ್ಟು ಹೊತ್ತಿಗೆ ಆಯಿತು ಅಂತ ಕೇಳಿದರು. ನಾನು ಮನೆ ಬಿಟ್ಟದ್ದು ಮಧ್ಯಾಹ್ನ ಒಂದಕ್ಕೆ. ಆಮೇಲಿನದು ಯಾರಿಗೂ ಗೊತ್ತಿಲ್ಲ. ಹೊತ್ತು ಗೊತ್ತಿಲ್ಲದೆ ಆ ಇಂಜೆಕ್ಷನ್ ಕೊಡಲಿಕ್ಕೆ ಬರುವುದಿಲ್ಲ, ರಕ್ತಸ್ರಾವ ಆದೀತು ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಆ ಪ್ರಶ್ನೆ ನನ್ನೊಳಗೆ ಕುಳಿತುಬಿಟ್ಟಿತು. ಅವರು ನೆಲದ ಮೇಲೆ ಬಿದ್ದಿದ್ದಾಗ ನಾನು ದೇವಾಲಯದಲ್ಲಿ ಹಾಡುತ್ತಿದ್ದೆ.

ಡಿಸೆಂಬರಿನಲ್ಲಿ ಅವರನ್ನು ಮನೆಗೆ ಕರೆತಂದೆವು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ತೆಳ್ಳಗಿನ ನೀರು ಕೊಟ್ಟರೆ ಶ್ವಾಸನಾಳಕ್ಕೆ ಇಳಿಯುತ್ತದೆ, ಅದಕ್ಕೆ ಎಲ್ಲವೂ ರವೆಗಂಜಿಯ ಹದಕ್ಕೆ ಮಂದ ಇರಬೇಕು. ಉಣಿಸಿದ ಮೇಲೆ ಅರ್ಧ ತಾಸು ಕೂರಿಸಿಯೇ ಇರಬೇಕು. ನಾನು ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವವಳು. ತಿಂಗಳ ೧೧ಕ್ಕೊಂದು, ೨೦ಕ್ಕೊಂದು ಜಿಎಸ್‌ಟಿ ರಿಟರ್ನು ಹೋಗಲೇಬೇಕು. ಮಗಳಿಗೆ ಮಾರ್ಚಿನಲ್ಲಿ ಹತ್ತನೇ ಪರೀಕ್ಷೆ. ನಸುಕಿನ ನಾಲ್ಕಕ್ಕೆ ಏಳುವುದು ನನಗೆ ಮೊದಲಿನಿಂದಲೂ ರೂಢಿ, ಅದು ನನ್ನ ಪ್ರಾರ್ಥನೆಯ ಹೊತ್ತು. ಈಗ ಆ ಹೊತ್ತಿಗೆ ಹಾಸಿಗೆ ಬದಲಿಸುವುದು, ಅತ್ತಿಯ ಮೈ ಒರೆಸುವುದು. ಸ್ತ್ರೀಯರ ಕೂಟದ ಲೆಕ್ಕದ ಪುಸ್ತಕ ನನ್ನ ಬಳಿಯೇ ಇತ್ತು, ಅದನ್ನು ತೆರೆಯಲಿಕ್ಕೂ ಆಗಲಿಲ್ಲ. ದೇವಾಲಯಕ್ಕೆ ಹೋದರೆ ಅತ್ತಿಯನ್ನು ಬಿಟ್ಟು ಬಂದೆನಲ್ಲ ಅನ್ನಿಸುತ್ತಿತ್ತು. ಮನೆಯಲ್ಲಿ ಉಳಿದರೆ ದೇವರನ್ನು ಬಿಟ್ಟೆನಲ್ಲ ಅನ್ನಿಸುತ್ತಿತ್ತು. ಪ್ರಾರ್ಥನೆ ಕಡಿಮೆಯಾದ ಮನೆಗೇ ಇಂಥದ್ದು ಬರುವುದು ಅಂತ ಒಬ್ಬರು ಹೇಳಿದ್ದು ಕಿವಿಗೂ ಬಿತ್ತು. ಅವರ ಮೇಲೆ ಈಗ ಸಿಟ್ಟಿಲ್ಲ. ಆದರೆ ಅಂದು ಆ ಮಾತನ್ನು ನಾನು ನಂಬಿದ್ದೆ.

ಜನವರಿಯ ಒಂದು ಸಂಜೆ ಸಭಾಪಾಲಕರೂ ಪಾಸ್ಟರಮ್ಮನೂ ಮನೆಗೆ ಬಂದರು. ಕೂಟದ ಪುಸ್ತಕ, ಉಳಿದ ಹಣ, ರಾಜೀನಾಮೆ ಚೀಟಿ ಎಲ್ಲ ಒಂದು ಚೀಲದಲ್ಲಿ ಹಾಕಿಟ್ಟಿದ್ದೆ. ದೇವರ ಕೆಲಸಕ್ಕೆ ನನ್ನಿಂದ ಈಗ ಆಗುತ್ತಿಲ್ಲ, ಕ್ಷಮಿಸಿ ಎಂದೆ. ಅವರು ಚೀಲ ಮುಟ್ಟಲಿಲ್ಲ. "ಅಕ್ಕಾರ, ಮಾರ್ಕ ಏಳನೇ ಅಧ್ಯಾಯ ತಗೀರಿ" ಎಂದರು.

ಬೈಬಲಿನ ಆ ಭಾಗ ನಾನು ಎಷ್ಟೋ ಸಲ ಓದಿದ್ದೆ, ನನಗಾಗಿ ಒಂದು ಸಲವೂ ಓದಿರಲಿಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ದೇವರಿಗೆ ಅರ್ಪಿತ, ಅಂತ ಹೇಳಿಬಿಟ್ಟು ಅವರ ಕೈಬಿಡುವವರನ್ನು ಯೇಸು ಸ್ವಾಮಿ ಅಲ್ಲಿ ಗದರಿಸುತ್ತಾನೆ. ದೇವರ ಹೆಸರು ಮುಂದಿಟ್ಟು ದೇವರ ಆಜ್ಞೆಯನ್ನೇ ಮೀರುತ್ತೀರಿ ಎನ್ನುತ್ತಾನೆ. ಸಭಾಪಾಲಕರು ಹೇಳಿದ್ದು ಇಷ್ಟೇ: "ಅತ್ತಿಗೆ ಕೊಡೋ ಹೊತ್ತನ್ನ ದೇವರಿಂದ ಕಸಗೊಂಡೀನಿ ಅಂತ ತಿಳಕೋಬ್ಯಾಡ್ರೀ. ಅದು ಅವ್ರಿಗೆ ಸಲ್ಲಬೇಕಾದ ಹೊತ್ತು. ದೇವರ ಕೆಲಸಾನ ಅದು." ಆಮೇಲೆ ಪಾಸ್ಟರಮ್ಮ ಒಳಗೆ ಹೋಗಿ, ನಾನು ಬೇಡ ಬೇಡ ಅಂದರೂ, ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟರು. ನಿಮ್ಮಿಬ್ಬರಿಗೂ ನನ್ನ ಮೊದಲ ಕೃತಜ್ಞತೆ.

ಆ ಮಾತು ಅಲ್ಲಿಗೇ ನಿಂತಿದ್ದರೆ ನಾನು ಸಮಾಧಾನದಿಂದ ಮನೆಯಲ್ಲೇ ಉಳಿಯುತ್ತಿದ್ದೆ, ಅಷ್ಟೇ. ಆದರೆ ಮುಂದಿನ ಭಾನುವಾರ ಮಧ್ಯಾಹ್ನ ಎರಡಕ್ಕೆ ಸ್ತ್ರೀಯರ ಕೂಟದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಬಗಲಲ್ಲಿ ಹೊಲಿಯುತ್ತಿದ್ದ ಕೌದಿ, ಕೈಯಲ್ಲಿ ಸೂಜಿ ದಾರದ ಡಬ್ಬಿ. "ಯವ್ವಾ, ನೀ ದೇವಾಲಯಕ್ಕ ಹೋಗಿ ಬಾ. ನಾ ಇಲ್ಲೇ ಕುಂದರ್ತೀನಿ. ಮಗ್ಗಲಾ ಹೆಂಗ ಬದಲಸೂದು ಅಷ್ಟು ತೋರಸು." ಅವರು ಒಬ್ಬರೇ ಅಲ್ಲ. ಹನ್ನೊಂದು ಜನರ ಹೆಸರಿದ್ದ ಪಾಳಿ ಚೀಟಿ ಒಂದು ನನಗೆ ಗೊತ್ತಿಲ್ಲದೆಯೇ ತಯಾರಾಗಿತ್ತು. ಅದು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಹದಿನೈದು ತಿಂಗಳು ಇತ್ತು. ಅದರಲ್ಲಿ ತಮ್ಮದೇ ಮೊಣಕಾಲು ನೋವಿರುವ ಅಜ್ಜಿಯರಿದ್ದರು, ಹಿಂಜೇವಾಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಇಬ್ಬರು ಹುಡುಗಿಯರಿದ್ದರು. ಪ್ರತಿಯೊಬ್ಬರೂ ತಮ್ಮ ಪಾಳಿಯ ದಿನ ತಮ್ಮ ಆರಾಧನೆ ಬಿಟ್ಟು ಬಂದಿದ್ದರು, ನಾನು ಹೋಗಲಿ ಅಂತ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಡೆಯುತ್ತದೆ.

ಕೌದಿ ತಂದ ಆ ಹಿರಿಯರ ವಿಷಯ ಇನ್ನೊಂದು ಹೇಳಲೇಬೇಕು. ಫೆಬ್ರವರಿಯಲ್ಲಿ ಅವರ ಪಾಳಿ ಮತ್ತೆ ಬಂತು. ನಾನು ಆರಾಧನೆ ಮುಗಿಸಿ ಮೆಟ್ಟಿಲು ಹತ್ತುವಾಗ ಒಳಗಿನಿಂದ ಎರಡು ದನಿ ಕೇಳಿದವು. ಒಂದು ಅವರದು. ಇನ್ನೊಂದು ಒಡೆದ ದನಿ, ಆದರೆ ರಾಗ ತಪ್ಪಿರಲಿಲ್ಲ. ಬಾಗಿಲು ತಳ್ಳಿದೆ. ಹಿರಿಯರು ತಲೆ ಎತ್ತದೆ ಕೌದಿಗೆ ಹೊಲಿಗೆ ಹಾಕುತ್ತ ಸಂಗೀತ ಪುಸ್ತಕದ ಹಳೆಯ ಹಾಡು ಹಾಡುತ್ತಿದ್ದರು. ಹಾಸಿಗೆಯಲ್ಲಿ ಅತ್ತಿ ಕಣ್ಣು ಮುಚ್ಚಿಕೊಂಡು ಎರಡನೇ ಚರಣವನ್ನು ಪದಸಮೇತ ಅವರ ಜೊತೆ ಹಾಡುತ್ತಿದ್ದರು. ಮೂರು ತಿಂಗಳಿಂದ 'ನೀರು' ಅಂತ ಒಂದು ಶಬ್ದ ಹೊರಡದ ಬಾಯಿ! ಬೆಟಗೇರಿಯಲ್ಲಿ ಇಪ್ಪತ್ತು ವರ್ಷ ಸಂಡೇ ಸ್ಕೂಲ್ ಮಕ್ಕಳಿಗೆ ಅವರು ಕಲಿಸಿದ ಹಾಡು ಅದು.

ಮಾತಿನ ಚಿಕಿತ್ಸೆ ಮಾಡುವ ಹುಡುಗಿಗೆ ಹೇಳಿದೆ. ಅವಳಿಗೆ ಆಶ್ಚರ್ಯ ಆಗಲಿಲ್ಲ, ಸಂತೋಷ ಆಯಿತು. ಹೆಚ್ಚಿನವರಲ್ಲಿ ಮಾತು ಮೆದುಳಿನ ಎಡಭಾಗದ ಕೆಲಸ, ರಾಗದಲ್ಲಿ ಬಲಭಾಗದ ಪಾಲು ದೊಡ್ಡದು, ಅದಕ್ಕೇ ಮಾತು ಹೋದವರಲ್ಲಿ ಕೆಲವರು ಹಾಡಬಲ್ಲರು ಎಂದಳು. ಅಂದಿನಿಂದ ಅವಳು ಅತ್ತಿಯ ಎಡಗೈ ಹಿಡಿದು, ಅಕ್ಷರಕ್ಕೊಂದು ತಟ್ಟು ತಟ್ಟಿಸುತ್ತ, 'ನೀ-ರು ಬೇ-ಕು' ಅಂತ ರಾಗವಾಗಿ ಹೇಳಿಸತೊಡಗಿದಳು. ಮರಾಠಿಯ ಹುಡುಗಿ, ಈ ನಾಲ್ಕಕ್ಷರಕ್ಕಾಗಿ ನನ್ನಿಂದ ಕನ್ನಡ ಕಲಿತಳು. ಆರು ವಾರಕ್ಕೆ ಅತ್ತಿ ಯಾರೂ ಕೈ ತಟ್ಟದೆಯೇ ನೀರು ಕೇಳಿದರು. ಈ ಹುಡುಗಿಗೂ, ಓಣಿಯ ನೀರಿನಲ್ಲಿ ಬೈಕ್ ತಳ್ಳಿಕೊಂಡಾದರೂ ಮಳೆಗಾಲದುದ್ದಕ್ಕೂ ತಪ್ಪದೆ ಬಂದ ಫಿಜಿಯೋ ತಮ್ಮನಿಗೂ ದೇವರು ಒಳ್ಳೆಯದು ಮಾಡಲಿ.

೨೦೨೪ರಲ್ಲಿ ಶುಭ ಶುಕ್ರವಾರ ಬಂದದ್ದು ಮಾರ್ಚ್ ೨೯ಕ್ಕೆ, ಈಸ್ಟರ್ ಸರಿಯಾಗಿ ಮಾರ್ಚ್ ೩೧ಕ್ಕೆ. ಲೆಕ್ಕದ ಕೆಲಸದವರಿಗೆ ಆ ವಾರ ಏನೆಂದು ಗೊತ್ತು. ವರ್ಷದ ಕೊನೆ ಅಂತ ಸರ್ಕಾರದ ವ್ಯವಹಾರಕ್ಕಾಗಿ ಆ ಭಾನುವಾರ ಬ್ಯಾಂಕುಗಳೂ ತೆರೆದಿದ್ದವು. ಯೇಸು ಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ವಾಕ್ಯಗಳಲ್ಲಿ ಮೂರನೆಯದರ ಮೇಲೆ ಶುಭ ಶುಕ್ರವಾರ ಮಾತಾಡಲು ನನಗೆ ಕೊಟ್ಟಿದ್ದರು. ಅದೇ ವಾರ ಅತ್ತಿಗೆ ಜ್ವರ, ಎದೆಯಲ್ಲಿ ಕಫ. ಹೋಗುವ ಹಾಗೇ ಇರಲಿಲ್ಲ. ಬೇರೆಯವರಿಗೆ ಕೊಡಿ ಎಂದೆ. ಕೊಡಲಿಲ್ಲ. ಕೂಟದ ಕಾರ್ಯದರ್ಶಿ ತಮ್ಮ ಫೋನನ್ನು ಮೈಕಿನ ಮುಂದೆ ಹಿಡಿದು ನಿಂತರು. ನಾನು ಅತ್ತಿಯ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕುಳಿತು ಮಾತಾಡಿದೆ.

ಯೋಹಾನ ೧೯ನೇ ಅಧ್ಯಾಯ. ಲೋಕದ ಪಾಪ ಹೊರುವ ಕೆಲಸದ ನಡುವೆ, ಉಸಿರು ತೆಗೆಯುವುದೇ ಕಷ್ಟವಾದಾಗ, ಯೇಸು ಸ್ವಾಮಿ ಕೆಳಗೆ ನಿಂತ ತಾಯಿಯನ್ನು ನೋಡುತ್ತಾನೆ. ನಾಳೆಯಿಂದ ಈಕೆಗೆ ಯಾರು ಅಂತ ಯೋಚಿಸುತ್ತಾನೆ, ಶಿಷ್ಯನ ಕೈಗೆ ಒಪ್ಪಿಸುತ್ತಾನೆ. ಆ ಶಿಷ್ಯ ಅಂದಿನಿಂದಲೇ ಆಕೆಯನ್ನು ತನ್ನ ಮನೆಗೆ ಕರೆದುಕೊಳ್ಳುತ್ತಾನೆ. ಇಷ್ಟು ಹೇಳುವಷ್ಟರಲ್ಲಿ ಅತ್ತಿಗೆ ಕೆಮ್ಮು ಹತ್ತಿತು. ಫೋನ್ ಹಾಸಿಗೆಯ ಮೇಲೆ ಬಿಟ್ಟು, ಅವರನ್ನು ಎತ್ತಿ ಕೂರಿಸಿ, ಬೆನ್ನು ತಟ್ಟಿ, ಕಫ ಹೊರಗೆ ಬರಿಸಿ, ಬಾಯಿ ಒರೆಸಿದೆ. ನಾಲ್ಕೈದು ನಿಮಿಷವಾದರೂ ಆಗಿರಬೇಕು. ಈಗ ನಾಲ್ಕನೇ ವಾಕ್ಯಕ್ಕೆ ಹೋಗಿರುತ್ತಾರೆ ಅಂದುಕೊಂಡು ಫೋನ್ ಎತ್ತಿದೆ. ಆ ಕಡೆ ಫ್ಯಾನಿನ ಸದ್ದು ಮಾತ್ರ. ಯಾರೂ ಹಾಡು ಎತ್ತಿರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ. ಇಡೀ ಸಭೆ ಕಾಯುತ್ತ ಕುಳಿತಿತ್ತು. "ಹೇಳ್ರೀ ಅಕ್ಕಾರ" ಎಂದರು ಸಭಾಪಾಲಕರು.

ಈಸ್ಟರ್ ದಿನ ರಾತ್ರಿ ಏಳರವರೆಗೆ ನಾನು ಆಫೀಸಿನಲ್ಲಿದ್ದೆ. ಎಂಟಕ್ಕೆ ಸಭಾಪಾಲಕರು ಪವಿತ್ರ ಭೋಜನವನ್ನು ಮನೆಗೇ ತಂದರು. ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಮೆತ್ತಗಾಗುವವರೆಗೂ ನೆನೆಸಿ, ಚಮಚದ ತುದಿಯಲ್ಲಿ ಅತ್ತಿಗೆ ಕೊಟ್ಟು, ಗಂಟಲು ಇಳಿಯಿತೇ ಅಂತ ನೋಡಿಕೊಂಡು, ಆಮೇಲೆ ನನಗೆ ಕೊಟ್ಟರು.

ಆಫೀಸಿನ ಸಾಹೇಬರು ನಮ್ಮ ಧರ್ಮದವರಲ್ಲ. ಲ್ಯಾಪ್‌ಟಾಪ್ ಮನೆಗೆ ಒಯ್ಯಲು ಬಿಟ್ಟರು, ೧೧ ಮತ್ತು ೨೦ ತಪ್ಪದಿದ್ದರೆ ಸಾಕು ಎಂದರು. ಆ ಎರಡು ತಾರೀಖು ನಾನೂ ತಪ್ಪಿಸಲಿಲ್ಲ. ಅವರ ನಂಬಿಕೆ ಉಳಿಸಿಕೊಂಡದ್ದನ್ನೂ ದೇವರ ಮುಂದೆ ಹೇಳಿಕೊಳ್ಳಬೇಕಾದ ವಿಷಯ ಅಂತಲೇ ನಾನು ಎಣಿಸುತ್ತೇನೆ. ಕಾಕು ದಿನವೂ ಮಧ್ಯಾಹ್ನ ತಮ್ಮ ಊಟದ ತಾಟು ಹಿಡಿದುಕೊಂಡು ಬಂದು ಅತ್ತಿಯ ಎದುರು ಕುಳಿತು ಉಣ್ಣುತ್ತಿದ್ದರು, ಅವರಿಗೆ ಒಬ್ಬರೇ ಅನ್ನಿಸಬಾರದು ಅಂತ. ಯಜಮಾನರು ಎರಡನೇ ಪಾಳಿ ಬಿಡಿಸಿಕೊಂಡು ರಾತ್ರಿ ಪಾಳಿ ಹಾಕಿಸಿಕೊಂಡರು, ಹಗಲು ತಾಯಿಯ ಬಳಿ ಇರಲಿಕ್ಕೆ. ಮಗಳು ಇತಿಹಾಸ ಓದಿದ್ದು ಅಜ್ಜಿಯ ಕಾಲು ನೀವುತ್ತಲೇ.

ಕಳೆದ ಮೇ ತಿಂಗಳಲ್ಲಿ ತವರಿನ ಒಂದು ಕೆಲಸಕ್ಕೆ ಎರಡು ದಿನ ಗದಗಿಗೆ ಹೋಗಿ ಬಂದೆ. ರೈಲು ಕೇಡಗಾಂವ ದಾಟುವಾಗ ಜೊತೆಗಿದ್ದ ಕೂಟದ ಅಕ್ಕ ಕಿಟಕಿಯಾಚೆ ಕೈ ತೋರಿಸಿದರು. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಶನ್ ಇರುವ ಊರು ಅದು. ೧೮೫೮ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಮಗಳು, ಪುಣೆಯ ಈ ಬಯಲಿಗೆ ಬಂದು ವಿಧವೆಯರಿಗೆ, ಬರಗಾಲದಲ್ಲಿ ದಿಕ್ಕೆಟ್ಟ ಹೆಣ್ಣುಮಕ್ಕಳಿಗೆ ಮನೆ ಕಟ್ಟಿದರು. ಪ್ರಾರ್ಥನೆಯ ಜೊತೆಗೇ ಅಲ್ಲಿ ನೇಯ್ಗೆ ನಡೆಯುತ್ತಿತ್ತು, ಒಕ್ಕಲುತನ ನಡೆಯುತ್ತಿತ್ತು. ಅವರು ಮರಾಠಿಗೆ ತಂದ ಬೈಬಲಿಗೆ ಅಚ್ಚುಮೊಳೆ ಜೋಡಿಸಿದ್ದೂ ಆ ಹೆಣ್ಣುಮಕ್ಕಳೇ. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದರೂ ನಾನು ಆ ಕಡೆ ತಿರುಗಿ ನೋಡಿರಲಿಲ್ಲ. ಅಂದು ಸ್ಟೇಷನ್ನಿನ ಹಳದಿ ಹಲಗೆ ಹಿಂದೆ ಸರಿಯುವವರೆಗೂ ನೋಡಿದೆ. ಆ ಎರಡು ದಿನ ನಮ್ಮ ಮನೆಯಲ್ಲಿ ರಾತ್ರಿ ಉಳಿದವರು ಹಿಂಜೇವಾಡಿಯ ಆ ಇಬ್ಬರು ಹುಡುಗಿಯರು.

ಕೂಟದ ಲೆಕ್ಕದ ಪುಸ್ತಕ ಈಗಲೂ ನನ್ನ ಬಳಿಯೇ ಇದೆ. ಚೀಲದಲ್ಲಿದ್ದ ರಾಜೀನಾಮೆ ಚೀಟಿಯ ಹಿಂಬದಿಯಲ್ಲಿ ಮಗಳು ಗಣಿತ ಮಾಡಿದ್ದಾಳೆ. ಅತ್ತಿ ಈಗ ಹಿಡಿದುಕೊಂಡು ಹತ್ತು ಹೆಜ್ಜೆ ಹಾಕುತ್ತಾರೆ. ಮಾತು ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ಈಸ್ಟರ್ ಸಂಜೆ ಮನೆಗೆ ಬಂದ ಮೇಲೆ, ಕೌದಿ ಹೊದಿಸುವಾಗ, ನನ್ನ ಕೈ ಹಿಡಿದು "ನೀ... ಹಾಡಿದಿ" ಎಂದರು. ಹಾಡಿದೆ ಅತ್ತಿ, ಎಂದೆ.

ಫ್ರಿಜ್ಜಿನ ಮೇಲಿದ್ದ ಪಾಳಿ ಚೀಟಿಯನ್ನು ಈ ತಿಂಗಳು ಇಳಿಸಿದ್ದೇವೆ. ಕಾಸರವಾಡಿಯ ನಮ್ಮ ಸಭೆಯ ಮನೆಯೊಂದರಲ್ಲಿ ಈಗ ಅದರ ಅವಶ್ಯಕತೆ ಇದೆ. ಹೊಸ ಚೀಟಿಯಲ್ಲಿ ಎರಡನೇ ಭಾನುವಾರ ನನ್ನ ಹೆಸರು ಬರೆಸಿದ್ದೇನೆ. ಅಕ್ಕಾ, ಎರಡಕ್ಕೆ ಸರಿಯಾಗಿ ಬರುತ್ತೇನೆ. ನೀವು ಸೀರೆ ಉಟ್ಟು ತಯಾರಾಗಿರಿ. ಗಂಜಿ ನಾನೇ ಕಾಸುತ್ತೇನೆ, ರವೆ ಎಲ್ಲಿದೆ ಅಷ್ಟು ಹೇಳಿ ಹೋಗಿರಿ.