ಕ್ಲಿಯರ್ಡ್ ಫಾರ್ ಅಪ್ರೋಚ್ ಅಂದ ತಕ್ಷಣ ಇಳೀಬೇಡ ಪುಟ್ಟಿ

ಪುಟ್ಟಿ,

ಇನ್‌ಸ್ಟ್ರುಮೆಂಟ್ ರೇಟಿಂಗ್, ಅದೇ ಉಪಕರಣ ನೋಡ್ಕೊಂಡೇ ವಿಮಾನ ಹಾರಿಸೋ ತರಬೇತಿ, ಶುರು ಆಯ್ತು ಅಂತ ನಿಮ್ಮಮ್ಮ ಹೇಳಿದ್ಲು, ತುಂಬಾ ಖುಷಿ ಆಯ್ತು ಕಣೇ. ಮೊನ್ನೆ ಫೋನಲ್ಲಿ "ಮಾವ, ಎಟಿಸಿ (ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್) ಅಪ್ರೋಚ್ ಕ್ಲಿಯರೆನ್ಸ್, ಅಂದ್ರೆ ರನ್‌ವೇ ಕಡೆ ಬರೋಕೆ ಅನುಮತಿ, ಕೊಟ್ಮೇಲೆ ಎಷ್ಟು ಎತ್ತರದವರೆಗೂ ಇಳೀಬಹುದು, ಜೊತೆಯವರು ಒಬ್ಬೊಬ್ರು ಒಂದೊಂದು ಹೇಳ್ತಾರೆ" ಅಂದ್ಯಲ್ಲ, ಅದು ಫೋನಲ್ಲಿ ಎರಡು ಮಾತಲ್ಲಿ ಮುಗಿಯೋ ವಿಷಯ ಅಲ್ಲ, ಅದಕ್ಕೇ ಬರೀತಿದೀನಿ.

1974 ಡಿಸೆಂಬರ್ 1. ಟಿಡಬ್ಲ್ಯೂಎ ಅನ್ನೋ ಅಮೆರಿಕದ ಏರ್‌ಲೈನ್‌ನ ಫ್ಲೈಟ್ 514, ಬೋಯಿಂಗ್ 727. ವಾಷಿಂಗ್ಟನ್ ನ್ಯಾಷನಲ್ ಏರ್‌ಪೋರ್ಟ್‌ಗೆ ಹೊರಟಿದ್ದು, ಅಲ್ಲಿ ಗಾಳಿ ಜೋರು ಅಂತ ಡಲ್ಲೆಸ್ ಏರ್‌ಪೋರ್ಟ್ ಕಡೆ ತಿರುಗಿಸಿದ್ರು. ಇನ್ನೂ 44 ನಾಟಿಕಲ್ ಮೈಲಿ ದೂರ ಇದೆ, ವಿಮಾನ 7000 ಅಡಿಯಲ್ಲಿದೆ, ಆಗ್ಲೇ ಕಂಟ್ರೋಲರ್ ರನ್‌ವೇ 12ಕ್ಕೆ ವಿಓಆರ್ ಡಿಎಂಇ (ರೇಡಿಯೋ ಸಿಗ್ನಲ್‌ನಿಂದ ದಿಕ್ಕು, ದೂರ ತಿಳ್ಕೊಂಡು ಬರೋ) ಅಪ್ರೋಚ್ ಕ್ಲಿಯರೆನ್ಸ್ ಕೊಟ್ರು, ಇಷ್ಟು ಅಡಿಗಿಂತ ಕೆಳಗೆ ಬರಬೇಡಿ ಅಂತ ಏನೂ ಹೇಳ್ಲಿಲ್ಲ. ಪೈಲಟ್‌ಗಳು ಅಂದ್ಕೊಂಡಿದ್ದು, ರಾಡಾರ್‌ನಲ್ಲಿ ನಮ್ಮನ್ನ ನೋಡ್ತಿದಾರೆ, ಗುಡ್ಡ ಇದ್ರೆ ಅವರೇ ತಡೀತಿದ್ರು ಅಂತ. ಕಂಟ್ರೋಲರ್ ಅಂದ್ಕೊಂಡಿದ್ದು, ಇನ್ಮೇಲೆ ದಾರಿ ಅವರದ್ದು, ದಾರಿ, ಎತ್ತರ ಬರೆದಿರೋ ಚಾರ್ಟ್ ಅವರ ಕೈಲೇ ಇದೆ ಅಂತ. ಹೀಗೆ ಆ ಗುಡ್ಡದ ಜವಾಬ್ದಾರಿ ಯಾರ ಕೈಲೂ ಇಲ್ದಂಗಾಯ್ತು.

ನನಗೆ ಇವತ್ತಿಗೂ ಸಂಕಟ ಆಗೋದು ಮುಂದಿನ ಭಾಗ ಪುಟ್ಟಿ. ಕ್ಯಾಪ್ಟನ್‌ಗೆ ಅನುಮಾನ ಬಂದಿತ್ತು! ರೌಂಡ್ ಹಿಲ್ ಅನ್ನೋ ಪಾಯಿಂಟ್ ದಾಟೋವರೆಗೂ ಕನಿಷ್ಠ 3400 ಅಡಿ ಅಂತ ಚಾರ್ಟ್‌ನಲ್ಲಿದೆಯಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ಕಾಕ್‌ಪಿಟ್ ರೆಕಾರ್ಡರ್‌ನಲ್ಲೇ ಇದೆ. ಆಮೇಲೆ ಕಾಕ್‌ಪಿಟ್‌ನಲ್ಲಿದ್ದ ಮೂರೂ ಜನ ತಮ್ತಮ್ಮಲ್ಲೇ ಮಾತಾಡ್ಕೊಂಡ್ರು, ಕ್ಲಿಯರ್ ಮಾಡಿದಾರೆ ಅಂದ್ರೆ ಇಳೀಬಹುದು ಅಂತ ತೀರ್ಮಾನ ಆಯ್ತು, 1800ಕ್ಕೆ ಇಳಿದ್ರು. ಮೈಕ್ ಒತ್ತಿ ಒಂದು ಮಾತು ಕೇಳ್ಲಿಲ್ಲ. ಮೋಡದೊಳಗೆ ಮೌಂಟ್ ವೆದರ್ ಗುಡ್ಡಕ್ಕೆ ಬಡೀತು, 92 ಜನ, ಒಬ್ರೂ ಉಳೀಲಿಲ್ಲ.

ತನಿಖೆ ಮಾಡಿದ ಎನ್‌ಟಿಎಸ್‌ಬಿ ಅನ್ನೋ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ಐದು ಜನರಲ್ಲೇ ಒಮ್ಮತ ಇರ್ಲಿಲ್ಲ, ಮೂವರು ಪೈಲಟ್‌ಗಳ ನಿರ್ಧಾರ ತಪ್ಪು ಅಂದ್ರು, ಇಬ್ಬರು ಕ್ಲಿಯರೆನ್ಸೇ ಸರಿ ಇರ್ಲಿಲ್ಲ ಅಂದ್ರು. ಆ ಅಪಘಾತಕ್ಕೂ ಆರು ವಾರ ಮುಂಚೆ ಯುನೈಟೆಡ್ ಏರ್‌ಲೈನ್ಸ್‌ನ ಒಂದು ವಿಮಾನ ಅದೇ ಜಾಗದಲ್ಲಿ ಹಿಂಗೇ ಬೇಗ ಇಳಿದು ಸ್ವಲ್ಪದರಲ್ಲಿ ಬಚಾವಾಗಿತ್ತು, ಆ ವಿಷಯ ಅವರ ಕಂಪನಿಯೊಳಗೇ ಉಳೀತು. 1976ರಲ್ಲಿ ಪೈಲಟ್‌ಗಳು ಇಂಥ ಘಟನೆ ಬರೆದು ತಿಳಿಸೋಕೆ ನಾಸಾ ನಡೆಸೋ ರಿಪೋರ್ಟಿಂಗ್ ವ್ಯವಸ್ಥೆ ಶುರುವಾಗಿದ್ದಕ್ಕೆ ಇದೂ ಒಂದು ಕಾರಣ. ನಿನಗೇನಾದ್ರೂ ಗೊಂದಲ ಆದ್ರೆ ನೀನೂ ಅಲ್ಲಿಗೆ ಬರಿ, ನಾಚ್ಕೋಬೇಡ.

ಈಗ ನಿಯಮ ಸ್ಪಷ್ಟ ಇದೆ. ರಾಡಾರ್ ವೆಕ್ಟರ್ ಮೇಲಿದ್ದಾಗ, ಅಂದ್ರೆ ಕಂಟ್ರೋಲರ್ ಹೇಳಿದ ದಿಕ್ಕಲ್ಲಿ ಹೋಗ್ತಿದ್ದಾಗ, ಅಪ್ರೋಚ್‌ಗೆ ಕ್ಲಿಯರೆನ್ಸ್ ಸಿಕ್ರೂ, ಚಾರ್ಟ್‌ನಲ್ಲಿ ಬರೆದಿರೋ ದಾರಿಗೆ ನೀನು ಸೇರ್ಕೊಳ್ಳೋವರೆಗೂ ಕೊನೇದಾಗಿ ಕೊಟ್ಟ ಎತ್ತರ ಬಿಡೋ ಹಾಗಿಲ್ಲ. ಸೇರ್ಕೊಂಡ್ಮೇಲೂ ದಾರಿಯ ಆ ತುಂಡಿನ, ಅಂದ್ರೆ ಸೆಗ್ಮೆಂಟ್‌ನ, ಕನಿಷ್ಠ ಎತ್ತರಕ್ಕಿಂತ ಕೆಳಗೆ ಬೇಡ. ಆದ್ರೆ ನೀನು ಕಲೀತಿರೋದು ಫ್ಲೋರಿಡಾದಲ್ಲಿ, ಆ ರಾಜ್ಯದ ಅತಿ ಎತ್ತರದ ಜಾಗವೇ 345 ಅಡಿ, ಅಲ್ಲಿ ಸಾವಿರ ಅಡಿ ಬೇಗ ಇಳಿದ್ರೂ ನೆಲ ಏನೂ ಮಾಡಲ್ಲ, ಆ ಧೈರ್ಯ ಅಭ್ಯಾಸ ಆಗಿಬಿಟ್ರೆ ನಾಳೆ ಘಟ್ಟದ ಪಕ್ಕ ಮಳೆಗಾಲದಲ್ಲಿ ಮಂಗಳೂರಿಗೆ ಇಳಿಯುವಾಗ ಏನು ಗತಿ, ಅದೇ ನನ್ನ ಭಯ.

ಎತ್ತರ ರೀಡ್‌ಬ್ಯಾಕ್ ಮಾಡುವಾಗ, ಅಂದ್ರೆ ಕಂಟ್ರೋಲರ್ ಹೇಳಿದ್ದನ್ನ ವಾಪಸ್ ಹೇಳುವಾಗ, ಪೂರ್ತಿ ಹೇಳು. 1989ರಲ್ಲಿ ಕೌಲಾಲಂಪುರದ ಹತ್ರ ಫ್ಲೈಯಿಂಗ್ ಟೈಗರ್ ಅನ್ನೋ ಸರಕು ಸಾಗಿಸೋ ಕಂಪನಿಯ 747ಗೆ 2400 ಅಡಿಗೆ ಇಳೀರಿ ಅಂದಿದ್ದನ್ನ ಅವರು 400 ಅಂತ ಕೇಳಿಸ್ಕೊಂಡ್ರು, ಹಾಗೇ ವಾಪಸ್ ಹೇಳಿದ್ರು, ಕಂಟ್ರೋಲರ್ ತಿದ್ದಲಿಲ್ಲ, ಗುಡ್ಡಕ್ಕೆ ಬಡಿದು ನಾಲ್ಕೂ ಜನ ಹೋದ್ರು. ಚಾರ್ಟ್ ತೆಗೆದು ನೋಡಿದ್ರೆ 400 ಸಾಧ್ಯವೇ ಇಲ್ಲ ಅಂತ ಗೊತ್ತಾಗ್ತಿತ್ತು.

ನಾನು ರಾಡಾರ್ ಮುಂದೆ ಕೂತು ರಿಟೈರ್ ಆದವನು, ಆ ಕಡೆಯಿಂದ ಹೇಳ್ತೀನಿ ಕೇಳು. ಪೈಲಟ್ ತಿರುಗಿ ಕೇಳಿದ್ರೆ ನಮಗೆ ಕೋಪ ಬರಲ್ಲ, ಫ್ರೀಕ್ವೆನ್ಸಿ ಎಷ್ಟೇ ಬಿಜಿ ಇರ್ಲಿ, ಕೇಳು. ಪಕ್ಕದಲ್ಲಿರೋರು ಸೀನಿಯರ್ ಅಂತ ಅವರ ಊಹೆಗೆ ತಲೆಯಾಡಿಸ್ಬೇಡ. "ಕನ್‌ಫರ್ಮ್ ಆಲ್ಟಿಟ್ಯೂಡ್" ಅನ್ನು, ಉತ್ತರ ಬರೋವರೆಗೂ ಇರೋ ಎತ್ತರದಲ್ಲೇ ಇರು.

ಮುಂದಿನ ಫ್ಲೈಟ್‌ಗೆ ಮುಂಚೆ ಆ ಅಪ್ರೋಚ್ ಚಾರ್ಟ್ ಫೋಟೋ ಕಳ್ಸು, ಭಾನುವಾರ ಇಬ್ರೂ ಕೂತು ಒಂದೊಂದೇ ಸೆಗ್ಮೆಂಟ್ ನೋಡೋಣ.

ನಿನ್ನ ಮಾವ